ಹೊಸ್ತಿಲು ದಾಟದ ದೂತ

ಮುಸ್ಸಂಜೆಯ ಹೊತ್ತು. ಗದ್ದೆಯ ಬದುವಿನ ಮೇಲೆ ಮನೆಗೆ ಮರಳುತ್ತಿರುವ ಹುಡುಗಿಯೊಬ್ಬಳ ಕಾಲ ಬಳಿ ಕಪ್ಪನೆಯ ವಸ್ತುವೊಂದು ಸುರುಳಿ ಸುತ್ತಿಕೊಂಡು ಬಿದ್ದಿದೆ. ಹಾವೆಂದು ಬಗೆದ ಕ್ಷಣವೇ ಅವಳು ಹಿಂದಕ್ಕೆ ಜಿಗಿಯುತ್ತಾಳೆ. ಎದೆ ಡವಡವನೆ ಹೊಡೆದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಅಂಗೈ ಬೆವರುತ್ತದೆ. ಸ್ವಲ್ಪ ಧೈರ್ಯ ತಂದುಕೊಂಡು ಬಾಗಿ ನೋಡಿದರೆ, ಅದು ಯಾರೋ ಮರೆತುಹೋದ ಹಗ್ಗ! ಅವಳಿಗೆ ನಗು ಬರುತ್ತದೆ. ಆದರೆ ಮನಸ್ಸು ನಕ್ಕ ಕೂಡಲೇ ಎದೆ ನಗುವುದಿಲ್ಲ. ಅದರ ಬಡಿತ ಇಳಿಯಲು ಇನ್ನೂ ಕೆಲವು ನಿಮಿಷಗಳು ಬೇಕು.

ಹಗ್ಗವನ್ನು ಹಾವೆಂದು ಭ್ರಮಿಸುವ ಈ ದೃಷ್ಟಾಂತವನ್ನು ನಮ್ಮ ತತ್ತ್ವಜ್ಞಾನಿಗಳು ಬಹು ಹಿಂದಿನಿಂದಲೂ ಬಳಸಿಕೊಂಡು ಬಂದಿದ್ದಾರೆ. ಅವರ ಪ್ರಶ್ನೆ ಮನಸ್ಸನ್ನು ಕುರಿತದ್ದು. ಜೀವವಿಜ್ಞಾನಿಗಳು ಇದೇ ಪ್ರಸಂಗದಲ್ಲಿ ದೇಹವನ್ನು ಕುರಿತು ಬೇರೊಂದು ಪ್ರಶ್ನೆಯನ್ನು ಕೇಳುತ್ತಾರೆ. ಭಯದ ಸುದ್ದಿ ದೇಹದ ಮೂಲೆಮೂಲೆಯಲ್ಲಿರುವ ಜೀವಕೋಶಗಳ ಒಳಕ್ಕೆ ಮುಟ್ಟಿದ್ದು ಹೇಗೆ? ಮುಟ್ಟಿದ ಮೇಲೆ ಅದು ಅಳಿದದ್ದು ಹೇಗೆ?

ಹಿಂದಕ್ಕೆ ಜಿಗಿದದ್ದು ನರಗಳ ಕೆಲಸ. ಅದರ ಬೆನ್ನಿಗೇ ಇನ್ನೊಂದು ಕೆಲಸವೂ ನಡೆಯುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ರಕ್ತದೊಡನೆ ಅದು ದೇಹವನ್ನೆಲ್ಲ ಸುತ್ತುತ್ತದೆ. ‘ಬೇಗಬೇಗ ಮಿಡಿಯಿರಿ’ ಎಂದು ಹೃದಯದ ಜೀವಕೋಶಗಳಿಗೂ, ‘ಸಡಿಲಗೊಳ್ಳಿರಿ’ ಎಂದು ಶ್ವಾಸನಾಳಗಳ ಸ್ನಾಯುಗಳಿಗೂ, ‘ಕೂಡಿಟ್ಟ ಸಕ್ಕರೆಯನ್ನು ಹೊರಗೆ ತೆಗೆಯಿರಿ’ ಎಂದು ಯಕೃತ್ತಿಗೂ ಅದು ಸುದ್ದಿ ಮುಟ್ಟಿಸುತ್ತದೆ. ಆದರೆ ಸುದ್ದಿಯನ್ನು ಹೇಳುವುದಕ್ಕಾಗಿ ಅದು ಯಾವ ಜೀವಕೋಶದ ಒಳಕ್ಕೂ ಹೋಗುವುದಿಲ್ಲ. ಅರಸನ ಓಲೆ ಹೊತ್ತ ದೂತ ಕೋಟೆಯ ಬಾಗಿಲಲ್ಲಿಯೇ ನಿಲ್ಲುತ್ತಾನೆ. ಓಲೆಯಲ್ಲಿರುವ ಅರ್ಥ ಮಾತ್ರ ಒಳಗೆ ಹೋಗುತ್ತದೆ.

ಈ ದೂತ ಹೊರಗೇ ನಿಲ್ಲಬೇಕಾದುದಕ್ಕೆ ಕಾರಣವಿದೆ. ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಪ್ರತಿಯೊಂದನ್ನೂ ಸುತ್ತುವರಿದು ಒಂದು ಪೊರೆಯಿದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಏಳೆಂಟು ಪಾಲಿನಷ್ಟು ಮಾತ್ರ ಈ ಪೊರೆಯ ದಪ್ಪ. ಅದು ಮೇದಸ್ಸಿನ ಅಣುಗಳ ಎರಡು ಪದರಗಳಿಂದಾದುದೆಂದು 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲವೆಂಬುದು ಅಡುಗೆಮನೆಯಲ್ಲಿಯೇ ಕಲಿಯಬಹುದಾದ ಪಾಠ. ಜೀವಕೋಶದ ಹೊರಗೂ ನೀರು, ಒಳಗೂ ನೀರು; ನಡುವೆ ಎಣ್ಣೆಯ ಗೋಡೆ. ಎಣ್ಣೆಯಲ್ಲಿ ಕರಗುವ ಕೆಲವು ಹಾರ್ಮೋನುಗಳು ಈ ಗೋಡೆಯನ್ನು ತೂರಿಕೊಂಡು ಹೋಗಬಲ್ಲವು. ಅಡ್ರಿನಲಿನ್ ನೀರಿನಲ್ಲಿ ಕರಗುವ ಜಾತಿಗೆ ಸೇರಿದ್ದು. ಅದಕ್ಕೆ ಆ ದಾರಿಯಿಲ್ಲ.

ಗೋಡೆ ಇಷ್ಟು ಬಿಗಿಯಾಗಿರುವುದು ಒಳ್ಳೆಯದೇ. ಹೊರಗಿನದೆಲ್ಲ ಒಳಗೆ ನುಗ್ಗುವಂತಿದ್ದರೆ ಜೀವಕೋಶವೆಂಬುದೇ ಉಳಿಯುತ್ತಿರಲಿಲ್ಲ. ಆದರೆ ಹೊರಗಿನ ಸುದ್ದಿಯೇ ತಿಳಿಯದಂತಿದ್ದರೂ ಅದು ಬದುಕುತ್ತಿರಲಿಲ್ಲ. ಆದುದರಿಂದ ಗೋಡೆಯನ್ನು ಒಡೆಯದೆಯೇ ಸುದ್ದಿಯನ್ನು ದಾಟಿಸುವ ಏರ್ಪಾಡು ಬೇಕಾಯಿತು. ಅಂಥ ಏರ್ಪಾಡನ್ನು ನಂಬಬೇಕಾದರೆ ಅದರಲ್ಲಿ ನಾಲ್ಕು ಗುಣಗಳಿರಬೇಕು. ಬಂದ ದೂತನನ್ನು ಅದು ತಪ್ಪಿಲ್ಲದೆ ಗುರುತಿಸಬೇಕು. ಪಿಸುಮಾತಿನಷ್ಟು ಕ್ಷೀಣವಾದ ಸುದ್ದಿಯನ್ನು ಒಳಗೆಲ್ಲ ಕೇಳುವಂತೆ ಹಿಗ್ಗಿಸಬೇಕು. ಸುಳ್ಳು ಸದ್ದಿಗೆ ಎಚ್ಚರಗೊಳ್ಳಬಾರದು. ಕೊನೆಯದಾಗಿ, ಕೆಲಸ ಮುಗಿದೊಡನೆ ಸುದ್ದಿಯನ್ನು ಅಳಿಸಿಹಾಕಬೇಕು.

ಬಾಗಿಲಲ್ಲಿ ದೂತನನ್ನು ಎದುರುಗೊಳ್ಳುವ ಏನೋ ಒಂದು ಇರಬೇಕೆಂಬ ಊಹೆ ಬಹಳ ಹಳೆಯದು. 1905ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಲಾಂಗ್ಲಿ ಎಂಬ ಶರೀರಶಾಸ್ತ್ರಜ್ಞನು ಸ್ನಾಯುಗಳ ಮೇಲೆ ನಿಕೋಟಿನ್ ಮತ್ತು ಕ್ಯುರಾರೆ ಎಂಬ ವಸ್ತುಗಳ ಪರಿಣಾಮವನ್ನು ಪರೀಕ್ಷಿಸುತ್ತಿದ್ದನು. ಒಂದು ಸ್ನಾಯುವನ್ನು ಸೆಟೆಯಿಸುತ್ತದೆ, ಇನ್ನೊಂದು ಅದನ್ನು ತಡೆಯುತ್ತದೆ. ಜೀವಕೋಶದಲ್ಲಿ ಇವೆರಡನ್ನೂ ಹಿಡಿದುಕೊಳ್ಳುವ ‘ಗ್ರಹಿಸುವ ವಸ್ತು’ವೊಂದು ಇದ್ದೇ ಇರಬೇಕೆಂದು ಅವನು ತೀರ್ಮಾನಿಸಿದನು. ಅದನ್ನು ಕಣ್ಣಾರೆ ಕಂಡವರು ಆಗ ಯಾರೂ ಇರಲಿಲ್ಲ. ಇಂದು ಅದನ್ನೇ ಗ್ರಾಹಕವೆಂದು ಕರೆಯುತ್ತಾರೆ.

ಸುದ್ದಿ ಒಳಗೆ ಹೇಗೆ ಹೋಗುತ್ತದೆಂಬುದರ ಮೊದಲ ಸುಳಿವು ಸಿಕ್ಕಿದ್ದು ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ. ಅರ್ಲ್ ಸದರ್‌ಲೆಂಡ್ ಮತ್ತು ಅವರ ಸಂಗಡಿಗರು ಯಕೃತ್ತನ್ನು ಅರೆದು, ಜೀವಕೋಶಗಳನ್ನೆಲ್ಲ ಒಡೆದು, ಆ ಗಂಜಿಗೆ ಅಡ್ರಿನಲಿನ್ ಬೆರೆಸಿದರು. ಸಕ್ಕರೆಯನ್ನು ಬಿಡಿಸುವ ಕಿಣ್ವ ಚುರುಕಾಯಿತು. ಬಳಿಕ ಗಂಜಿಯನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪೊರೆಯ ಚೂರುಗಳಿದ್ದ ಗಸಿಯನ್ನೂ ಮೇಲಿನ ತಿಳಿಯನ್ನೂ ಬೇರೆ ಮಾಡಿದರು. ಕಿಣ್ವವಿದ್ದದ್ದು ತಿಳಿಯಲ್ಲಿ. ಆದರೆ ಈಗ ತಿಳಿಗೆ ಎಷ್ಟು ಅಡ್ರಿನಲಿನ್ ಹಾಕಿದರೂ ಕಿಣ್ವ ಎಚ್ಚರಗೊಳ್ಳಲಿಲ್ಲ! ಅವರು ಗಸಿಗೆ ಅಡ್ರಿನಲಿನ್ ಬೆರೆಸಿ, ಅದರಿಂದ ಬಂದ ರಸವನ್ನು ಕುದಿಸಿ, ತಿಳಿಗೆ ಹಾಕಿದರು. ಕೂಡಲೇ ಕಿಣ್ವ ಎಚ್ಚೆತ್ತಿತು. ಕುದಿಸಿದರೆ ಪ್ರೋಟೀನುಗಳು ಕೆಡುತ್ತವೆ. ಈ ವಸ್ತು ಕೆಡಲಿಲ್ಲ. ಎಂದರೆ ಪೊರೆಯು ಅಡ್ರಿನಲಿನ್‌ನ ಸುದ್ದಿಯನ್ನು ಕೇಳಿ ಬೇರೊಂದು ಪುಟ್ಟ ಅಣುವನ್ನು ತಯಾರಿಸಿ ಒಳಕ್ಕೆ ಕಳುಹಿಸಿತ್ತು. ಆ ಅಣುವಿನ ಹೆಸರು ಸೈಕ್ಲಿಕ್ ಎ.ಎಂ.ಪಿ. ಹಾರ್ಮೋನು ಮೊದಲ ದೂತನಾದರೆ ಇದು ಎರಡನೆಯ ದೂತ. ಮೊದಲನೆಯದು ಬಾಗಿಲವರೆಗೆ, ಎರಡನೆಯದು ಬಾಗಿಲಿನಿಂದ ಒಳಗೆ. 1950ರ ದಶಕದ ಉತ್ತರಾರ್ಧದಲ್ಲಿ ನಡೆದ ಈ ಶೋಧಕ್ಕಾಗಿ ಸದರ್‌ಲೆಂಡರಿಗೆ 1971ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಆದರೆ ಗ್ರಾಹಕವೇ ನೇರವಾಗಿ ಎರಡನೆಯ ದೂತನನ್ನು ಕಳುಹಿಸುತ್ತದೆಯೆ? ಇಲ್ಲ, ನಡುವೆ ಮತ್ತೊಬ್ಬನಿದ್ದಾನೆಂದು ತಿಳಿದುಬಂದದ್ದು ಒಂದು ಅಶುದ್ಧ ವಸ್ತುವಿನಿಂದ! ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಟಿನ್ ರಾಡ್‌ಬೆಲ್ ಇಲಿಯ ಯಕೃತ್ತಿನ ಪೊರೆಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಅವರು ಬಳಸುತ್ತಿದ್ದ ಎ.ಟಿ.ಪಿ. ಎಂಬ ರಾಸಾಯನಿಕದಲ್ಲಿ ಜಿ.ಟಿ.ಪಿ. ಎಂಬ ಇನ್ನೊಂದು ವಸ್ತು ಕಲಬೆರಕೆಯಾಗಿತ್ತು. ಅದು ಇದ್ದಾಗ ಹಾರ್ಮೋನು ಚೆನ್ನಾಗಿ ಕೆಲಸ ಮಾಡುತ್ತಿತ್ತು; ಶುದ್ಧವಾದ ಎ.ಟಿ.ಪಿ.ಯನ್ನು ಬಳಸಿದಾಗ ಮಾಡುತ್ತಿರಲಿಲ್ಲ. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಕೈಚೆಲ್ಲುತ್ತಿದ್ದರೇನೋ. ರಾಡ್‌ಬೆಲ್ ಅದನ್ನೇ ಹಿಂಬಾಲಿಸಿದರು. ಗ್ರಾಹಕಕ್ಕೂ ಎರಡನೆಯ ದೂತನನ್ನು ತಯಾರಿಸುವ ಕಿಣ್ವಕ್ಕೂ ನಡುವೆ, ಜಿ.ಟಿ.ಪಿ.ಯಿಂದ ನಡೆಯುವ ಮಧ್ಯವರ್ತಿಯೊಂದು ಇರಬೇಕೆಂದು ಅವರು ಸೂಚಿಸಿದರು. 1980ರಲ್ಲಿ ಆಲ್ಫ್ರೆಡ್ ಗಿಲ್ಮನ್ ಮತ್ತು ಅವರ ಸಂಗಡಿಗರು ಆ ಮಧ್ಯವರ್ತಿಯನ್ನು ಶುದ್ಧವಾಗಿ ಬೇರ್ಪಡಿಸಿದರು. ಅದಕ್ಕೆ ಜಿ-ಪ್ರೋಟೀನು ಎಂದು ಹೆಸರು. 1994ರ ನೊಬೆಲ್ ಬಹುಮಾನ ಇವರಿಬ್ಬರಿಗೂ ಸಂದಿತು.

ಇನ್ನು ಗ್ರಾಹಕದ ರೂಪವೇನೆಂಬುದು ಉಳಿದಿತ್ತು. ವೈದ್ಯರಾಗಿದ್ದು ಸಂಶೋಧನೆಗೆ ತೊಡಗಿದ ರಾಬರ್ಟ್ ಲೆಫ್‌ಕೋವಿಟ್ಸ್ ಅಡ್ರಿನಲಿನ್‌ನ ಗ್ರಾಹಕವನ್ನು ಬೇರ್ಪಡಿಸಿದರು. 1986ರಲ್ಲಿ ಅದರ ಜೀನನ್ನೂ ಗುರುತಿಸಲಾಯಿತು. ಅದು ಹಾರದ ದಾರದಂತೆ ಪೊರೆಯನ್ನು ಏಳು ಬಾರಿ ಪೋಣಿಸಿಕೊಂಡು ಹೋಗುವ ಪ್ರೋಟೀನು. ಅವರ ಶಿಷ್ಯ ಬ್ರಯನ್ ಕೋಬಿಲ್ಕಾ 2007ರಲ್ಲಿ ಸಂಗಡಿಗರೊಡನೆ ಅದರ ಆಕೃತಿಯನ್ನೂ, 2011ರಲ್ಲಿ ಅದು ಜಿ-ಪ್ರೋಟೀನನ್ನು ಹಿಡಿದುಕೊಂಡಿರುವ ಭಂಗಿಯನ್ನೂ ಎಕ್ಸ್-ಕಿರಣಗಳ ನೆರವಿನಿಂದ ಕಂಡುಕೊಂಡರು. ಮರುವರ್ಷ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಲಾಂಗ್ಲಿ ಊಹಿಸಿದ್ದನ್ನು ಹೀಗೆ ಕಣ್ಣಿಗೆ ಕಾಣುವಂತೆ ಮಾಡಲು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಈಗ ಇಡೀ ಏರ್ಪಾಡನ್ನು ಒಂದೇ ನೋಟದಲ್ಲಿ ನೋಡಬಹುದು. ಗ್ರಾಹಕದ ಹೊರಮೈಯಲ್ಲಿ ಒಂದು ಗೂಡಿದೆ. ಬೀಗದ ಬಾಯಿಗೆ ಅದರ ಬೀಗದಕೈಯೇ ಹೊಂದುವಂತೆ ಅಡ್ರಿನಲಿನ್ ಅದರಲ್ಲಿ ಹೊಂದಿಕೊಂಡು ಕೂರುತ್ತದೆ. ಇದು ದೂತನನ್ನು ಗುರುತಿಸುವ ಬಗೆ. ಅಡ್ರಿನಲಿನ್ ಕುಳಿತಾಗ ಗ್ರಾಹಕದ ಆಕಾರ ಸ್ವಲ್ಪ ಬದಲಾಗುತ್ತದೆ. ಹೊರಗೆ ಅದುಮಿದರೆ ಒಳಗೆ ಬಿಚ್ಚಿಕೊಳ್ಳುವ ಚಿಲಕದ ಹಾಗೆ, ಅದರ ಒಳಮೈ ಅಗಲವಾಗಿ ಜಿ-ಪ್ರೋಟೀನನ್ನು ಹಿಡಿಯುತ್ತದೆ. ಜಿ-ಪ್ರೋಟೀನು ಜಿ.ಟಿ.ಪಿ.ಯನ್ನು ಪಡೆದು ಜಾಗೃತಗೊಂಡು, ಪೊರೆಯ ಒಳಮೈಯಲ್ಲಿಯೇ ಸರಿದು, ನೆರೆಯಲ್ಲಿರುವ ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವವು ಸೈಕ್ಲಿಕ್ ಎ.ಎಂ.ಪಿ.ಯನ್ನು ತಯಾರಿಸಿ ಒಳಗೆ ಹರಡುತ್ತದೆ. ಇಲ್ಲಿ ಯಾವ ವಸ್ತುವೂ ಗೋಡೆಯನ್ನು ದಾಟಲಿಲ್ಲ. ದಾಟಿದ್ದು ಆಕಾರದ ಬದಲಾವಣೆ ಮಾತ್ರ.

ಇಷ್ಟು ಜನ ಮಧ್ಯವರ್ತಿಗಳೇಕೆ ಎಂದು ಕೇಳಬಹುದು. ವಿಶ್ರಾಂತಿಯಲ್ಲಿರುವ ಮನುಷ್ಯನ ಒಂದು ಲೀಟರು ರಕ್ತದ ದ್ರವದಲ್ಲಿ ಸುಮಾರು ಒಂದು ಗ್ರಾಮಿನಷ್ಟು ಸಕ್ಕರೆಯಿದ್ದರೆ, ಅಡ್ರಿನಲಿನ್ ಗ್ರಾಮಿನ ಕೋಟಿಯಲ್ಲೊಂದು ಪಾಲಿನಷ್ಟೂ ಇರುವುದಿಲ್ಲ. ಭಯವಾದಾಗ ಅದು ಹಲವು ಪಟ್ಟು ಹೆಚ್ಚಿದರೂ ಅತ್ಯಲ್ಪವೇ. ಅಷ್ಟರಿಂದ ಯಕೃತ್ತು ಸಕ್ಕರೆಯ ಕಣಜವನ್ನು ತೆರೆಯಬೇಕು. ಮೆಟ್ಟಿಲುಮೆಟ್ಟಿಲಾಗಿ ಸುದ್ದಿ ಹಿಗ್ಗುವುದರಿಂದಲೇ ಇದು ಸಾಧ್ಯ. ಒಂದು ಗ್ರಾಹಕ ಹಲವು ಜಿ-ಪ್ರೋಟೀನುಗಳನ್ನು ಎಬ್ಬಿಸಬಲ್ಲದು. ಎದ್ದ ಪ್ರತಿಯೊಂದು ಕಿಣ್ವವೂ ಸೈಕ್ಲಿಕ್ ಎ.ಎಂ.ಪಿ.ಯ ಅನೇಕ ಅಣುಗಳನ್ನು ತಯಾರಿಸುತ್ತದೆ. ಅವು ಮುಂದಿನ ಕಿಣ್ವವನ್ನೂ, ಅದು ಅದರ ಮುಂದಿನದನ್ನೂ ಎಬ್ಬಿಸುತ್ತ ಹೋಗುತ್ತವೆ. ಕೊನೆಗೆ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿದ್ದ ಸಕ್ಕರೆ ಬಿಡಿಬಿಡಿಯಾಗಿ ರಕ್ತಕ್ಕೆ ಇಳಿಯುತ್ತದೆ. ಒಂದು ಹಣತೆಯಿಂದ ಹತ್ತು, ಹತ್ತರಿಂದ ನೂರು ಹಣತೆಗಳು ಹೊತ್ತಿಕೊಂಡಂತೆ.

ಸುದ್ದಿ ಒಂದೇ ಆದರೂ ಅದರ ಅರ್ಥ ಎಲ್ಲೆಡೆ ಒಂದೇ ಅಲ್ಲ. ಶಾಲೆಯ ಗಂಟೆ ಒಂದೇ ಸಲ ಬಾರಿಸಿದರೂ ಮಕ್ಕಳು ಪುಸ್ತಕ ತೆರೆಯುತ್ತಾರೆ, ಅಡುಗೆಯವರು ಒಲೆ ಹೊತ್ತಿಸುತ್ತಾರೆ. ಹಾಗೆಯೇ ಸೈಕ್ಲಿಕ್ ಎ.ಎಂ.ಪಿ. ಯಕೃತ್ತಿನಲ್ಲಿ ಸಕ್ಕರೆಯನ್ನು ಬಿಡಿಸುತ್ತದೆ, ಹೃದಯದ ಬಡಿತವನ್ನು ಹೆಚ್ಚಿಸುತ್ತದೆ, ಶ್ವಾಸನಾಳದ ಸ್ನಾಯುಗಳನ್ನು ಸಡಿಲಿಸುತ್ತದೆ. ಯಾವ ಜೀವಕೋಶ ಏನು ಮಾಡಬೇಕೆಂಬುದು ಅದರೊಳಗೆ ಯಾವ ಪ್ರೋಟೀನುಗಳು ಸಿದ್ಧವಾಗಿವೆ ಎಂಬುದನ್ನು ಅವಲಂಬಿಸಿದೆ. ಉಬ್ಬಸದಿಂದ ಏದುಸಿರು ಬಿಡುವ ರೋಗಿ ಸಾಲ್ಬುಟಮಾಲ್ ಔಷಧಿಯನ್ನು ಒಳಕ್ಕೆಳೆದುಕೊಂಡಾಗ ನಿರಾಳವಾಗುವುದು ಇದರಿಂದಲೇ. ಆ ಔಷಧಿ ಅಡ್ರಿನಲಿನ್‌ನ ವೇಷ ಧರಿಸಿ ಶ್ವಾಸನಾಳದ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ. ಇಂದು ಬಳಕೆಯಲ್ಲಿರುವ ಔಷಧಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಈ ಬಗೆಯ ಗ್ರಾಹಕಗಳ ಮೂಲಕವೇ ಕೆಲಸ ಮಾಡುತ್ತವೆ.

ಮೂರನೆಯ ಗುಣ, ಸುಳ್ಳು ಸದ್ದಿಗೆ ಮೋಸಹೋಗದಿರುವುದು. ಜೀವಕೋಶದ ಒಳಗು ನಿಶ್ಶಬ್ದವಾದ ಸ್ಥಳವಲ್ಲ. ಶಾಖದಿಂದ ಅಲ್ಲಿನ ಅಣುಗಳು ಸಂತೆಯ ಜನರಂತೆ ಸದಾ ಒಂದನ್ನೊಂದು ತಳ್ಳಾಡುತ್ತಿರುತ್ತವೆ. ಆ ನೂಕುನುಗ್ಗಲಿನಲ್ಲಿ ಯಾವುದೋ ಒಂದು ಗ್ರಾಹಕ ದೂತನಿಲ್ಲದೆಯೇ ಕ್ಷಣಕಾಲ ಬಿಚ್ಚಿಕೊಳ್ಳುವುದುಂಟು. ಆಗೆಲ್ಲ ಜೀವಕೋಶ ಗಾಬರಿಗೊಂಡರೆ ಬದುಕು ಸಾಗದು. ಅದಕ್ಕಾಗಿ ಎರಡು ಕಾವಲುಗಳಿವೆ. ಸೈಕ್ಲಿಕ್ ಎ.ಎಂ.ಪಿ.ಯನ್ನು ಬಿಡದೆ ಕತ್ತರಿಸುವ ಬೇರೊಂದು ಕಿಣ್ವ ಒಳಗೆ ಸದಾ ದುಡಿಯುತ್ತಿರುತ್ತದೆ. ಅಲ್ಲೊಂದು ಇಲ್ಲೊಂದು ಹುಟ್ಟಿದ ಅಣು ಅದರಿಂದ ಅಳಿದುಹೋಗುತ್ತದೆ. ಎರಡನೆಯದಾಗಿ, ಸುದ್ದಿಯನ್ನು ಮುಂದೆ ಒಯ್ಯುವ ಕಿಣ್ವವು ಒಂದೇ ಅಣುವಿನ ಮಾತನ್ನು ನಂಬುವುದಿಲ್ಲ. ಅದರಲ್ಲಿ ಸೈಕ್ಲಿಕ್ ಎ.ಎಂ.ಪಿ.ಗಾಗಿ ನಾಲ್ಕು ಎಡೆಗಳಿವೆ. ನಾಲ್ಕೂ ತುಂಬಿದಾಗ ಅದು ಪೂರ್ಣವಾಗಿ ಎಚ್ಚರಗೊಳ್ಳುತ್ತದೆ. ಒಬ್ಬನ ಸಾಕ್ಷಿಗೆ ತೀರ್ಪು ಕೊಡದೆ ನಾಲ್ವರ ಮಾತನ್ನು ಕೇಳುವ ಪಂಚಾಯಿತಿಯಂತೆ ಇದರ ರೀತಿ. ಪ್ರತಿಯೊಂದು ಅಣುವೂ ನಂಬಿಕೆಗೆ ಯೋಗ್ಯವಲ್ಲದಿದ್ದರೂ ಅವುಗಳ ಒಕ್ಕೂಟ ನಂಬಿಕೆಗೆ ಯೋಗ್ಯವಾಗುವುದು ಹೀಗೆ.

ನಾಲ್ಕನೆಯ ಗುಣ, ಸುದ್ದಿಯನ್ನು ಅಳಿಸುವುದು. ಇದಕ್ಕೆ ಪ್ರಕೃತಿ ಹೆಜ್ಜೆಹೆಜ್ಜೆಗೂ ವ್ಯವಸ್ಥೆ ಮಾಡಿದೆ. ರಕ್ತದಲ್ಲಿನ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಬಹಳ ಹೊತ್ತು ಬಿಚ್ಚಿಕೊಂಡೇ ಇರುವ ಗ್ರಾಹಕಕ್ಕೆ ಅರೆಸ್ಟಿನ್ ಎಂಬ ಪ್ರೋಟೀನು ಅಂಟಿಕೊಂಡು ಅದರ ಬಾಯಿ ಮುಚ್ಚಿಸುತ್ತದೆ. ಇವೆಲ್ಲಕ್ಕಿಂತ ಸೊಗಸಾದದ್ದು ಜಿ-ಪ್ರೋಟೀನಿನ ನಡತೆ. ತನ್ನನ್ನು ಎಬ್ಬಿಸಿದ ಜಿ.ಟಿ.ಪಿ.ಯನ್ನು ಅದು ತಾನೇ ಕಡಿದುಹಾಕಿ ಮತ್ತೆ ನಿದ್ರೆಗೆ ಜಾರುತ್ತದೆ. ಎಣ್ಣೆ ತೀರಿದೊಡನೆ ಆರುವ ದೀಪದಂತೆ ಅದರ ಎಚ್ಚರಕ್ಕೆ ಮೊದಲೇ ಗಡುವಿರುತ್ತದೆ. ಸುದ್ದಿ ಮುಂದುವರಿಯಬೇಕಾದರೆ ದೂತನು ಬಾಗಿಲಲ್ಲಿ ಇದ್ದೇ ಇರಬೇಕು.

ದೀಪ ಆರದಿದ್ದರೆ ಏನಾಗುತ್ತದೆ? ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ಕಾಲರಾ ಬೇನೆಯ ಗುಟ್ಟು ಇಲ್ಲಿಯೇ ಇದೆ. ಕಾಲರಾ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿ ಬೇರ್ಪಡಿಸಿದ್ದರು. ಆದರೆ ಅದು ಕೊಲ್ಲುವ ಬಗೆ ತಿಳಿದಿರಲಿಲ್ಲ. ಅದೇ ಕಲ್ಕತ್ತೆಯಲ್ಲಿ ಶಂಭುನಾಥ ಡೇ ಎಂಬ ವೈದ್ಯವಿಜ್ಞಾನಿ, ದೊಡ್ಡ ಸಲಕರಣೆಗಳೊಂದೂ ಇಲ್ಲದೆ, ಮೊಲದ ಕರುಳಿನ ತುಂಡುಗಳನ್ನು ಕಟ್ಟಿ ಪ್ರಯೋಗ ಮಾಡಿದರು. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಸೋಸಿ, ಒಂದು ರೋಗಾಣುವೂ ಇಲ್ಲದಂತೆ ಮಾಡಿ, ಆ ದ್ರವವನ್ನಷ್ಟೇ ಕರುಳಿನೊಳಕ್ಕೆ ಬಿಟ್ಟರು. ಕರುಳು ನೀರು ತುಂಬಿ ಉಬ್ಬಿತು. ಕೊಲ್ಲುವುದು ರೋಗಾಣು ಕಾರುವ ವಿಷವೆಂದು 1959ರಲ್ಲಿ ಅವರು ಪ್ರಕಟಿಸಿದರು.

ಆ ವಿಷ ಮಾಡುವ ಕೆಲಸವೇನೆಂಬುದು ಬಳಿಕ ತಿಳಿಯಿತು. ಅದು ಕರುಳಿನ ಜೀವಕೋಶಗಳನ್ನು ಹೊಕ್ಕು ಜಿ-ಪ್ರೋಟೀನಿಗೆ ಒಂದು ತುಣುಕನ್ನು ಅಂಟಿಸುತ್ತದೆ. ಆಗ ಜಿ-ಪ್ರೋಟೀನು ಜಿ.ಟಿ.ಪಿ.ಯನ್ನು ಕಡಿಯಲಾರದೆ ಎಚ್ಚರವಾಗಿಯೇ ಉಳಿಯುತ್ತದೆ. ಸೈಕ್ಲಿಕ್ ಎ.ಎಂ.ಪಿ. ಏರುತ್ತಲೇ ಹೋಗುತ್ತದೆ. ಅದರ ಅಪ್ಪಣೆಯಂತೆ ಜೀವಕೋಶಗಳು ಉಪ್ಪಿನಂಶವನ್ನು ಕರುಳಿನೊಳಕ್ಕೆ ಸುರಿಸುತ್ತವೆ. ಉಪ್ಪನ್ನು ಹಿಂಬಾಲಿಸಿ ನೀರೂ ಹೊರಟುಹೋಗುತ್ತದೆ. ಬೇನೆ ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ನೀರು ನಷ್ಟವಾಗುವುದುಂಟು. ಬೆಳಗ್ಗೆ ಆರೋಗ್ಯವಾಗಿದ್ದವನು ಸಂಜೆಯ ಹೊತ್ತಿಗೆ ಸಾವಿನ ದವಡೆಯಲ್ಲಿರುತ್ತಾನೆ. ಅಲ್ಲಿ ಜೀವಕೋಶಗಳು ಸತ್ತಿರುವುದಿಲ್ಲ, ಕೆಲಸವನ್ನೂ ನಿಲ್ಲಿಸಿರುವುದಿಲ್ಲ. ಬಂದ ಆಜ್ಞೆಯನ್ನು ನಿಷ್ಠೆಯಿಂದ ಪಾಲಿಸುತ್ತಿರುತ್ತವೆ. ಆಜ್ಞೆ ಮುಗಿಯದಿರುವುದೇ ಅನರ್ಥಕ್ಕೆ ಕಾರಣ.

ಆದರೆ ಪೊರೆಯೇ ಕೆಡವಿದವನನ್ನು ಪೊರೆಯೇ ಎತ್ತಬಲ್ಲದು. ಕರುಳಿನ ಪೊರೆಯಲ್ಲಿ ಇನ್ನೊಂದು ಬಾಗಿಲಿದೆ. ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಗೂಡಿ ಬಂದರೆ ಅದು ಎರಡನ್ನೂ ಒಟ್ಟಿಗೆ ಒಳಗೆ ಬಿಟ್ಟುಕೊಳ್ಳುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಈ ಬಾಗಿಲನ್ನು ಕುರಿತು ತಿಳಿಸಿದ್ದರು. ಕಾಲರಾ ವಿಷ ಈ ಬಾಗಿಲನ್ನು ಕೆಡಿಸುವುದಿಲ್ಲ. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಪ್ರವಾಹದಂತೆ ಬಂದಾಗ ಗಡಿಯ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ನಾಳಕ್ಕೆ ಹಾಯಿಸುವ ದ್ರವ ಸಾಲದೆ ಬಂದಿತು. ಡಾಕ್ಟರ್ ದಿಲೀಪ ಮಹಾಲನಬೀಸ್ ಅವರು ಗ್ಲೂಕೋಸ್, ಉಪ್ಪು ಮತ್ತು ಸೋಡಾಗಳನ್ನು ನೀರಿನಲ್ಲಿ ಕರಗಿಸಿ, ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರೇ ಅದನ್ನು ಕುಡಿಸುವಂತೆ ಏರ್ಪಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ಆ ಶಿಬಿರದಲ್ಲಿ 4ಕ್ಕಿಂತ ಕೆಳಗಿಳಿಯಿತು. ಇಂದು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿಯೂ ದೊರೆಯುವ ಓ.ಆರ್.ಎಸ್. ಪೊಟ್ಟಣ ಇದೇ ತತ್ತ್ವದ ಮೇಲೆ ನಿಂತಿದೆ. ಅದರಲ್ಲಿ ಸಕ್ಕರೆಯಿರುವುದು ರುಚಿಗಾಗಿ ಅಲ್ಲ. ಉಪ್ಪನ್ನೂ ಅದರ ಹಿಂದೆ ನೀರನ್ನೂ ಒಳಗೆ ಕರೆದೊಯ್ಯುವುದಕ್ಕಾಗಿ.

ಈ ವೇಳೆಗೆ ಹಗ್ಗಕ್ಕೆ ಬೆದರಿದ ಹುಡುಗಿ ಮನೆ ಸೇರಿರುತ್ತಾಳೆ. ಕೈಕಾಲು ತೊಳೆದು ಒಳಗೆ ಬಂದು, ನಡೆದುದನ್ನು ತಾಯಿಗೆ ನಗುತ್ತ ಹೇಳುತ್ತಿರುತ್ತಾಳೆ. ಅಷ್ಟರಲ್ಲಿ ಅವಳ ರಕ್ತದಲ್ಲಿನ ದೂತರು ಕರಗಿಹೋಗಿದ್ದಾರೆ. ಜಿ-ಪ್ರೋಟೀನುಗಳು ತಮ್ಮ ದೀಪಗಳನ್ನು ತಾವೇ ಆರಿಸಿಕೊಂಡಿವೆ. ಯಕೃತ್ತು ಕಣಜದ ಬಾಗಿಲನ್ನು ಮುಚ್ಚಿದೆ; ಎದೆ ತನ್ನ ಎಂದಿನ ಲಯಕ್ಕೆ ಮರಳಿದೆ. ನಾಳೆ ಅದೇ ಬದುವಿನ ಮೇಲೆ ನಿಜವಾದ ಹಾವೇ ಎದುರಾದರೂ ಆಗಬಹುದು. ಇಂದಿನ ಸುದ್ದಿಯನ್ನು ಸಂಪೂರ್ಣವಾಗಿ ಅಳಿಸಿರುವುದರಿಂದಲೇ ಅವಳ ಜೀವಕೋಶಗಳು ನಾಳಿನ ಸುದ್ದಿಯನ್ನು ಸ್ಪಷ್ಟವಾಗಿ ಕೇಳಬಲ್ಲವು.